ಅರ್ಪೋರಾದಲ್ಲಿ ಇವತ್ತೂ ಡ್ರಾ

2025 ನವೆಂಬರ್ 25, ಮಂಗಳವಾರ
ಮಾಪುಸಾ, ಗೋವಾ

ಚೆಸ್ ವಿಶ್ವಕಪ್ ಫೈನಲ್‌ನ ಎರಡನೇ ಆಟವೂ ಡ್ರಾ. ಚೀನಾದ ವೇಯ್ ಯಿ, ಉಜ್ಬೇಕಿಸ್ತಾನದ ಸಿಂದಾರೋವ್, ಇಬ್ಬರೂ 1-1. ನಾಳೆ ಟೈಬ್ರೇಕ್, ಅಂದರೆ ಕಡಿಮೆ ಸಮಯದ ಚುರುಕು ಆಟಗಳಲ್ಲಿ ತೀರ್ಮಾನ. ಆಟ ನಡೆಯುವ ಅರ್ಪೋರಾ ನಮ್ಮ ರೂಮಿಗೆ ಹತ್ತಿರವೇ, ಆದರೂ ಕೆಲಸ ಬಿಟ್ಟು ಹೋಗೋಕಾಗದೆ ಮೊಬೈಲ್‌ನಲ್ಲೇ ನೋಡಿದೆ.

ಜೊತೆಗಿರುವ ಹುಬ್ಬಳ್ಳಿ ಗೆಳೆಯನಿಗೆ ಸಿಟ್ಟು. "ಇಷ್ಟೊತ್ತು ಕುಂತು ಕಡೀಕ ಕೈ ಕುಲುಕಿ ಎದ್ದು ಹೋದ್ರ ಏನ್ ಬಂತಲೇ?" ಮೊದಲ ಮೂವರಿಗೆ ಕ್ಯಾಂಡಿಡೇಟ್ಸ್ ಟೂರ್ನಿಗೆ (ವಿಶ್ವ ಚಾಂಪಿಯನ್‌ಗೆ ಸವಾಲು ಹಾಕುವವನನ್ನು ಆರಿಸುವ ಟೂರ್ನಿ) ಜಾಗ ಇದೆ, ಅಂದರೆ ಇವರಿಬ್ಬರದೂ ಆಗಲೇ ಪಕ್ಕಾ, ಮತ್ಯಾಕೆ ಹೆದರಿಕೆ ಅಂತ ಅವನ ವಾದ. ಕೇಳುವುದು ಸರಿಯೇ. ಆದರೆ ಕ್ಲಾಸಿಕಲ್, ಅಂದರೆ ದೀರ್ಘ ಸಮಯದ ಆಟ ಇರುವುದೇ ಎರಡು, ಇವತ್ತು ಸೋತರೆ ಕಪ್ ಹೋಯಿತು, ಸರಿಮಾಡಿಕೊಳ್ಳೋಕೆ ಇನ್ನೊಂದು ಆಟ ಇಲ್ಲ. ಇಲ್ಲಿ ಡ್ರಾ ಅಂದರೆ ಲೆಕ್ಕಾಚಾರ, ಪುಕ್ಕಲುತನ ಅಲ್ಲ. ಶುರುವಿನಲ್ಲೇ ಅದೇ ನಡೆಗಳನ್ನು ಮೂರು ಸಲ ಆಡಿ ಡ್ರಾ ಮಾಡಿಕೊಂಡು ಊಟಕ್ಕೆ ಹೋಗುವವರನ್ನು ಕಂಡರೆ ನನಗೂ ಆಗಲ್ಲ, ಅದು ಬೇರೆ ಮಾತು.

ಅವನಿಗೆ 1984ರ ಮಾಸ್ಕೋ ಕಥೆ ಹೇಳಿದೆ. ವಿಶ್ವ ಚಾಂಪಿಯನ್ ಪಟ್ಟಕ್ಕೆ ಕಾರ್ಪೋವ್, ಕಾಸ್ಪರೋವ್ ನಡುವಿನ ಪಂದ್ಯ. ಮೊದಲು ಆರು ಆಟ ಗೆದ್ದವನು ಚಾಂಪಿಯನ್, ಡ್ರಾಗೆ ಲೆಕ್ಕವಿಲ್ಲ. ಸೆಪ್ಟೆಂಬರ್‌ನಲ್ಲಿ ಶುರುವಾಗಿದ್ದು ಮರುವರ್ಷ ಫೆಬ್ರವರಿ ಬಂದರೂ ಮುಗಿಯಲಿಲ್ಲ! 48 ಆಟ, ಅದರಲ್ಲಿ 40 ಡ್ರಾ, ಒಂದು ಹಂತದಲ್ಲಂತೂ ಸಾಲಾಗಿ 17. ಕಾರ್ಪೋವ್ 5-3 ಮುಂದಿದ್ದಾಗ ಫಲಿತಾಂಶವೇ ಇಲ್ಲದೆ ನಿಲ್ಲಿಸಿದರು. ಮುಂದಿನ ಪಂದ್ಯಕ್ಕೆ 24 ಆಟದ ಮಿತಿ ಹಾಕಿದರು. "ಹುಚ್ಚರು" ಅಂದ.

ಮಾತಲ್ಲಿ ಬಗ್ಗುವವನಲ್ಲ. ಹಾಸಿಗೆ ಮೇಲೆ ಬೋರ್ಡ್ ಇಟ್ಟು ಅವನಿಗೆ ಬಿಳಿ ರಾಜ, ಆನೆ, ಒಂದು ಕಾಲಾಳು ಕೊಟ್ಟೆ. ನನಗೆ ಬರೀ ಕಪ್ಪು ರಾಜ, ಆನೆ. ನನ್ನ ರಾಜ ಕಾಲಾಳಿನ ದಾರಿಗೆ ಅಡ್ಡ ಕೂತ, ಆನೆಯನ್ನು ನನ್ನ ಕಡೆಯಿಂದ ಮೂರನೇ ಸಾಲಿನಲ್ಲಿ ಅತ್ತಿತ್ತ ಓಡಾಡಿಸಿದೆ, ಆ ಸಾಲು ದಾಟಿ ಅವನ ರಾಜ ಬರುವಂತಿಲ್ಲ. ಬೇಸತ್ತು ಕಾಲಾಳನ್ನು ಅದೇ ಸಾಲಿಗೆ ನೂಕಿದ. ತಕ್ಷಣ ನನ್ನ ಆನೆ ಬೋರ್ಡಿನ ಆ ತುದಿಗೆ ಹೋಗಿ ಹಿಂದಿನಿಂದ ಚೆಕ್ ಮೇಲೆ ಚೆಕ್. ಕಾಲಾಳು ಮುಂದೆ ಹೋಗಿಬಿಟ್ಟಿದ್ದರಿಂದ ಈಗ ಅವನ ರಾಜನಿಗೆ ಮರೆಯಾಗೋಕೆ ಜಾಗವೇ ಇಲ್ಲ. 1777ರಲ್ಲೇ ಫ್ರಾನ್ಸಿನ ಚೆಸ್ ಆಟಗಾರ ಫಿಲಿಡೋರ್ ತೋರಿಸಿಕೊಟ್ಟ ಉಪಾಯ ಇದು. ಹಿಂದಿನ ಬೆಂಚಿನ ಹುಡುಗನಂತೆ ಮೂರು ಸಲ ವಾದ ಮಾಡಿ ಆಡಿದ, ಮೂರು ಸಲವೂ ಡ್ರಾ.

ನಾಳೆಗೆ ನನ್ನ ಪಂತ 19ರ ಹುಡುಗ ಸಿಂದಾರೋವ್ ಮೇಲೆ, ಅವನದು ವೇಯ್ ಯಿ ಮೇಲೆ. ಸೋತವರು ಮಾರ್ಕೆಟ್ ಹತ್ತಿರದ ಗಾಡಿಯಲ್ಲಿ ರೊಸ್ ಆಮ್ಲೆಟ್ ಕೊಡಿಸಬೇಕು.