ಉದ್ದರಿಯ ನಿರ್ಧಾರ ಕೊಟೇಶನ್ ಕೊಡುವಾಗಲೇ ಆಗಬೇಕು

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ದೊಡ್ಡ ಕಾರ್ಖಾನೆಗಳಿಗೆ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಯಂತ್ರಗಳಲ್ಲಿ ಬಿಡಿಭಾಗಗಳನ್ನು ತಯಾರಿಸಿಕೊಡುವ ಸಣ್ಣ ಘಟಕವೊಂದರ ವ್ಯವಸ್ಥಾಪಕನಾಗಿ ನಾನು ಕಂಡಂತೆ, ನಮ್ಮಂಥವರನ್ನು ಹಣ್ಣು ಮಾಡುವುದು ಆರ್ಡರುಗಳ ಕೊರತೆಗಿಂತ ಹೆಚ್ಚಾಗಿ ಮಾಡಿಕೊಟ್ಟ ಕೆಲಸದ ಹಣ ಸಮಯಕ್ಕೆ ಬಾರದಿರುವುದು. ಆದರೂ ವಸೂಲಿಯೆಂದರೆ ಲೆಕ್ಕಪತ್ರ ವಿಭಾಗದವರು ಫೋನು ಮಾಡಿ ಕಾಡಬೇಕಾದ ಕೆಲಸವೆಂದೇ ಅನೇಕ ಮಾಲೀಕರು ತಿಳಿದಿದ್ದಾರೆ. ವಾಸ್ತವದಲ್ಲಿ ಆ ಬಾಕಿ ಹುಟ್ಟುವುದು ಮಾಲೀಕರೇ ಗ್ರಾಹಕರಿಗೆ 'ಆಗಲಿ ಸಾರ್, ಕಳಿಸಿಕೊಡ್ತೀವಿ' ಎಂದು ಒಪ್ಪಿಕೊಂಡ ಗಳಿಗೆಯಲ್ಲಿ.

ಹತ್ತು ಲಕ್ಷ ರೂಪಾಯಿಯ ಮಾಲಿಗೆ ತೊಂಬತ್ತು ದಿನಗಳ ಉದ್ದರಿ ಒಪ್ಪಿದಿರೆಂದುಕೊಳ್ಳಿ. ಅದರ ಮೇಲೆ ಶೇ. 18ರಂತೆ 1.80 ಲಕ್ಷ ಜಿಎಸ್‌ಟಿ ಸೇರುತ್ತದೆ. ಕಚ್ಚಾವಸ್ತುವಿನ ಮೇಲೆ ತೆತ್ತ ತೆರಿಗೆಯನ್ನು ಕಳೆದು ಉಳಿದದ್ದನ್ನು, ಪ್ರತಿ ತಿಂಗಳು ರಿಟರ್ನ್ ಸಲ್ಲಿಸುವವರು, ಗ್ರಾಹಕ ಒಂದು ಪೈಸೆ ಕೊಡದಿದ್ದರೂ ಮುಂದಿನ ತಿಂಗಳ 20ರೊಳಗೆ ಕಟ್ಟಬೇಕು. ಉಕ್ಕಿನ ವ್ಯಾಪಾರಿ, ಸಂಬಳ, ಬೆಸ್ಕಾಂ ಬಿಲ್ಲು ಯಾವುದೂ ತೊಂಬತ್ತು ದಿನ ಕಾಯುವುದಿಲ್ಲವಾದ್ದರಿಂದ ನಡುವಿನ ಕಾಲವನ್ನು ಬ್ಯಾಂಕಿನ ಓವರ್‌ಡ್ರಾಫ್ಟ್ ಸಾಲವೇ ತುಂಬಬೇಕು. ಆ ಬಡ್ಡಿ ಕೊಟೇಶನ್ನಿನಲ್ಲಿ ಸೇರಿರುವುದು ಅಪರೂಪ.

2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ) ಕಾಯ್ದೆಯ ಪ್ರಕಾರ, ಸರ್ಕಾರದ 'ಉದ್ಯಮ್' ನೋಂದಣಿಯುಳ್ಳ ಸೂಕ್ಷ್ಮ ಮತ್ತು ಸಣ್ಣ ಘಟಕಗಳಿಗೆ, ಲಿಖಿತ ಒಪ್ಪಂದದಲ್ಲಿ ಹೆಚ್ಚು ದಿನಗಳಿದ್ದರೂ, ಮಾಲು ಸ್ವೀಕರಿಸಿದ 45 ದಿನಗಳೊಳಗೆ ಹಣ ಸಂದಾಯವಾಗಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಬೀಳುತ್ತದೆ. ಅವಧಿ ಮೀರಿ ಉಳಿಸಿಕೊಂಡ ಬಾಕಿಯನ್ನು ಖರೀದಿದಾರರು ಆ ವರ್ಷದ ಖರ್ಚೆಂದು ತೋರಿಸುವಂತಿಲ್ಲವೆಂಬ ಆದಾಯ ತೆರಿಗೆಯ ನಿಯಮವೂ 2023-24ನೇ ಆರ್ಥಿಕ ವರ್ಷದಿಂದ ಜಾರಿಯಲ್ಲಿದೆ. ಆದರೆ ನಾಳೆಯೂ ಆರ್ಡರ್ ಕೊಡಬೇಕಾದವರ ಮೇಲೆ ಇಂಥ ಬಾಕಿಗಳಿಗಾಗಿಯೇ ಇರುವ ಸರ್ಕಾರದ ಪೋರ್ಟಲಿನಲ್ಲಿ ದೂರು ಕೊಡುವ ಧೈರ್ಯ ಎಷ್ಟು ಜನರಿಗಿದೆ? ಆದ್ದರಿಂದ ಈ ಕಾನೂನು ಜಗಳಕ್ಕಿಂತ ಮಾತುಕತೆಯಲ್ಲೇ ಹೆಚ್ಚು ಉಪಯೋಗಕ್ಕೆ ಬರುತ್ತದೆಂಬುದು ನನ್ನ ಅಭಿಪ್ರಾಯ. ನಾವು ಉದ್ಯಮ್ ಸಂಖ್ಯೆಯನ್ನೂ 45 ದಿನಗಳ ಷರತ್ತನ್ನೂ ಕೊಟೇಶನ್ನಿನಲ್ಲೂ ಬಿಲ್ಲಿನಲ್ಲೂ ಮುದ್ರಿಸುತ್ತೇವೆ, ಮತ್ತು ಮಾಲು ಇಳಿಸಿದ ದಿನವೇ ಅದರ ಜೊತೆ ಹೋಗುವ ಡೆಲಿವರಿ ಚಲನ್ ಮೇಲೆ ಗ್ರಾಹಕರ ಗೇಟಿನ ಸೀಲನ್ನು ದಿನಾಂಕದೊಂದಿಗೆ ಹಾಕಿಸಿಕೊಂಡು ಬರಬೇಕೆಂದು ಚಾಲಕರಿಗೆ ಹೇಳಿದ್ದೇವೆ. ಸೀಲಿನ ದಿನಾಂಕ ಅಳಿಸಿಹೋಗಿದ್ದರೆ ದಿನಗಳ ಎಣಿಕೆ ಎಲ್ಲಿಂದ ಎಂಬ ವಾದ ಎಂದಿಗೂ ಮುಗಿಯುವುದಿಲ್ಲ.

ಇದಕ್ಕಿಂತ ಕಷ್ಟವಾದದ್ದು 'ಇಲ್ಲ' ಎನ್ನುವ ಅಧಿಕಾರ ಯಾರದೆಂಬ ಪ್ರಶ್ನೆ. ಪ್ರತಿ ಗ್ರಾಹಕರಿಗೂ ಒಂದು ಬಾಕಿ ಮಿತಿ ಗೊತ್ತುಮಾಡಿ, ಅದು ಮೀರಿದರೆ ಮಾಲನ್ನು ತಡೆಯುವ ಅಧಿಕಾರವನ್ನು ನಮ್ಮ ಲೆಕ್ಕಪತ್ರದ ಹೆಣ್ಣುಮಗಳಿಗೆ ಕೊಟ್ಟೆವು. ಮಿತಿ ಮೀರಿ ಕಳಿಸಲೇಬೇಕಿದ್ದರೆ ಮಾಲೀಕರು ಕಾರಣ ಬರೆದು ಸಹಿ ಹಾಕಬೇಕು, ಬಾಯಿಮಾತು ನಡೆಯದು. ಇಂಥ ನಿಯಮವನ್ನು ಮೊದಲು ಮುರಿಯುವವರು ಸಾಮಾನ್ಯವಾಗಿ ಮಾಲೀಕರೇ.

ಒಮ್ಮೆ ತಿಂಗಳ ಕೊನೆಯಲ್ಲಿ, ಉತ್ಪಾದನಾ ಲೈನ್ ನಿಲ್ಲುತ್ತದೆ, ಇವತ್ತೇ ಮಾಲು ಬೇಕೆಂದು ಹಳೆಯ ಗ್ರಾಹಕರೊಬ್ಬರ ಖರೀದಿ ಅಧಿಕಾರಿ ಒತ್ತಾಯಿಸಿದರು. ಅವರ ಬಾಕಿ ಮಿತಿ ದಾಟಿತ್ತು. ಲೋಡಾದ ಟೆಂಪೋ ಗೇಟಿನೊಳಗೇ ನಿಂತಿತ್ತು. ಫೋನು ಮಾಲೀಕರಿಗೂ ಹೋಯಿತು. ಅವರು 'ಅವಳನ್ನೇ ಕೇಳಿ' ಎಂದಷ್ಟೇ ಹೇಳಿದ್ದು ಆ ನಿಯಮಕ್ಕೆ ಜೀವ ತಂದಿತು. ಹಳೆಯ ಬಿಲ್ಲುಗಳ ಒಂದು ಭಾಗ ಜಮೆಯಾದ ಮೇಲೆ ಅರ್ಧ ಮಾಲು ಹೋಯಿತು. ಮುಂದಿನ ಕೆಲವು ತಿಂಗಳು ಆ ಕಂಪನಿಯ ಆರ್ಡರುಗಳು ಕಡಿಮೆಯಾದವು. ಈ ನಷ್ಟವನ್ನು ಮುಚ್ಚಿಟ್ಟು ಸಲಹೆ ಕೊಡುವುದು ಸರಿಯಲ್ಲ.

ಮಿತಿಯನ್ನು ನಿಗದಿಪಡಿಸುವಾಗ ಗ್ರಾಹಕರ ಹೆಸರು ಎಷ್ಟು ದೊಡ್ಡದೆಂದು ನಾವು ನೋಡುವುದಿಲ್ಲ. ಆ ಮೊತ್ತ ಪೂರ್ತಿ ಮುಳುಗಿದರೂ ಮುಂದಿನ ತಿಂಗಳ ಸಂಬಳ ಮತ್ತು ಯಂತ್ರದ ಕಂತು ಕಟ್ಟಲು ಸಾಧ್ಯವೇ ಎಂದು ಲೆಕ್ಕ ಹಾಕುತ್ತೇವೆ. ಏಪ್ರಿಲ್‌ನಲ್ಲಿ ಒಮ್ಮೆ, ದೀಪಾವಳಿ ಬೋನಸ್ಸಿಗೆ ಮುಂಚೆ ಇನ್ನೊಮ್ಮೆ ಆ ಪಟ್ಟಿಯನ್ನು ಪರಿಷ್ಕರಿಸುತ್ತೇವೆ.