ಒತ್ತಡ ಇಳಿಯುವ ಬಗೆ ಮತ್ತು ಮೈಕ್ರೋಆರ್‌ಎನ್‌ಎಗಳು

ಒತ್ತಡದ ಕುರಿತ ಬರಹಗಳಲ್ಲಿ ಹೆಚ್ಚಿನವು ಅದು ಹೇಗೆ ಶುರುವಾಗುತ್ತದೆ ಎಂಬುದನ್ನೇ ವಿವರಿಸುತ್ತವೆ. ಅಪಾಯದ ಸುಳಿವು ಸಿಕ್ಕೊಡನೆ ಮಿದುಳಿನ ಹೈಪೊಥಲಾಮಸ್ ಸಿಆರ್‌ಎಫ್ ಎಂಬ ಹಾರ್ಮೋನನ್ನು ಸ್ರವಿಸುತ್ತದೆ, ಅದರ ಪ್ರಚೋದನೆಯಿಂದ ಪಿಟ್ಯುಟರಿ ಗ್ರಂಥಿ ಎಸಿಟಿಎಚ್ ಎಂಬ ಇನ್ನೊಂದು ಹಾರ್ಮೋನನ್ನು ಬಿಡುತ್ತದೆ, ಕೊನೆಗೆ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳಿಂದ ಕಾರ್ಟಿಸೋಲ್ ಎಂಬ ಹಾರ್ಮೋನು ರಕ್ತಕ್ಕೆ ಸೇರುತ್ತದೆ. ನನ್ನನ್ನು ಹೆಚ್ಚು ಕಾಡುವ ಪ್ರಶ್ನೆ ಬೇರೆ: ಅಪಾಯ ಕಳೆದ ಮೇಲೆ ಇದೆಲ್ಲ ನಿಲ್ಲುವುದು ಹೇಗೆ, ಮತ್ತು ಕೆಲವರಲ್ಲಿ ಏಕೆ ನಿಲ್ಲುವುದಿಲ್ಲ?

ಈ ಪ್ರಶ್ನೆಗೆ ಸಿಗುವ ಉತ್ತರದ ಒಂದು ಭಾಗ ಮೈಕ್ರೋಆರ್‌ಎನ್‌ಎಗಳಲ್ಲಿದೆ. ಇವು ಸುಮಾರು 22 ನ್ಯೂಕ್ಲಿಯೋಟೈಡ್‌ಗಳಷ್ಟೇ (ಆರ್‌ಎನ್‌ಎ ಸರಪಳಿಯ ಕೊಂಡಿಗಳಷ್ಟೇ) ಉದ್ದದ ಆರ್‌ಎನ್‌ಎ ತುಣುಕುಗಳು. ಸ್ವತಃ ಯಾವ ಪ್ರೋಟೀನನ್ನೂ ಕೊಡುವುದಿಲ್ಲ. ಪ್ರೋಟೀನ್ ತಯಾರಿಸಲು ಜೀನಿನ ಸೂಚನೆಯನ್ನು ಒಯ್ಯುವ ಸಂದೇಶವಾಹಕ ಆರ್‌ಎನ್‌ಎಯ ಮೇಲೆ ತಮಗೆ ಹೊಂದುವ ಜಾಗವನ್ನು ಗುರುತಿಸಿ ಅಂಟಿಕೊಂಡು, ಅದರಿಂದ ಪ್ರೋಟೀನ್ ತಯಾರಾಗುವುದನ್ನು ತಗ್ಗಿಸುತ್ತವೆ ಅಥವಾ ಆ ಸಂದೇಶವನ್ನೇ ಬೇಗ ನಾಶಗೊಳಿಸುತ್ತವೆ. ವಿಕ್ಟರ್ ಆ್ಯಂಬ್ರೋಸ್ ಮತ್ತು ಗ್ಯಾರಿ ರಫ್ಕುನ್ 1993ರಲ್ಲಿ ಒಂದು ಪುಟ್ಟ ದುಂಡುಹುಳುವಿನಲ್ಲಿ ಇವನ್ನು ಕಂಡಾಗ ಹೆಚ್ಚಿನವರು ಅದನ್ನು ಆ ಹುಳುವಿನ ವೈಚಿತ್ರ್ಯವೆಂದೇ ಭಾವಿಸಿದ್ದರು. ಅದೇ ಕೆಲಸಕ್ಕೆ 2024ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು.

ಮೈಕ್ರೋಆರ್‌ಎನ್‌ಎಗಳು ಪಕ್ವಗೊಳ್ಳಲು ಡೈಸರ್ ಎಂಬ ಕಿಣ್ವ ಬೇಕು. ಇಸ್ರೇಲಿನ ವೈಜ್‌ಮನ್ ಸಂಸ್ಥೆಯಲ್ಲಿ ಅಲೋನ್ ಚೆನ್ ಅವರ ತಂಡ, ಭಯ ಮತ್ತು ಆತಂಕಗಳಿಗೆ ಸಂಬಂಧಿಸಿದ ಮಿದುಳಿನ ಭಾಗವಾದ ಅಮಿಗ್ಡಾಲದ ಕೇಂದ್ರಭಾಗದಲ್ಲಿ ಮಾತ್ರ ಈ ಕಿಣ್ವ ಇಲ್ಲದಂತೆ ಮಾಡಿದಾಗ, ವಯಸ್ಕ ಇಲಿಗಳಲ್ಲಿ ಆತಂಕದ ವರ್ತನೆ ಹೆಚ್ಚಿತು. 2011ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಒತ್ತಡಕ್ಕೊಳಗಾದ ಇಲಿಗಳ ಅಮಿಗ್ಡಾಲದಲ್ಲಿ ಮಿಆರ್-34ಸಿ ಎಂಬ ಮೈಕ್ರೋಆರ್‌ಎನ್‌ಎಯ ಪ್ರಮಾಣ ಏರಿರುವುದೂ ಕಂಡುಬಂದಿತು. ಅದು ತಗ್ಗಿಸುವುದು ಸಿಆರ್‌ಎಫ್‌ನ ಮೊದಲನೆಯ ಬಗೆಯ ಗ್ರಾಹಕವನ್ನು (ಹಾರ್ಮೋನು ಅಂಟಿಕೊಳ್ಳುವ ಪ್ರೋಟೀನನ್ನು), ಎಂದರೆ ಒತ್ತಡದ ಹಾರ್ಮೋನಿಗೆ ನರಕೋಶ ಸ್ಪಂದಿಸುವ ಸಾಮರ್ಥ್ಯವನ್ನೇ. ಕೃತಕವಾಗಿ ಅದರ ಪ್ರಮಾಣವನ್ನು ಹೆಚ್ಚಿಸಿದ ಇಲಿಗಳು ಒತ್ತಡದ ನಂತರವೂ ಕಡಿಮೆ ಆತಂಕ ತೋರಿದವು. ಒತ್ತಡವೇ ತನ್ನನ್ನು ತಗ್ಗಿಸುವ ಅಣುವನ್ನೂ ಹೆಚ್ಚಿಸುತ್ತದೆ ಎಂಬುದು ಈ ಕ್ಷೇತ್ರದಲ್ಲಿ ನಾನು ಓದಿದ ಅತ್ಯಂತ ಸುಂದರ ಸಂಗತಿಗಳಲ್ಲೊಂದು.

ಹಾಗೆಂದು ಮೈಕ್ರೋಆರ್‌ಎನ್‌ಎಗಳನ್ನೆಲ್ಲ ಶಮನಕಾರಿಗಳೆಂದು ಕರೆಯಲಾಗದು. ರಕ್ತದಲ್ಲಿ ಏರಿದ ಕಾರ್ಟಿಸೋಲ್ ಮಿದುಳಿನ ಗ್ಲುಕೊಕಾರ್ಟಿಕಾಯ್ಡ್ ಗ್ರಾಹಕಗಳಿಗೆ ಅಂಟಿಕೊಂಡು, ಇನ್ನು ಸ್ರವಿಸುವುದು ಬೇಡ ಎಂಬ ಸೂಚನೆಯನ್ನು ಹೈಪೊಥಲಾಮಸ್‌ಗೂ ಪಿಟ್ಯುಟರಿಗೂ ಮುಟ್ಟಿಸುತ್ತದೆ. ಮಿಆರ್-124 ಮತ್ತು ಮಿಆರ್-18ಎ ತಗ್ಗಿಸುವುದು ಇದೇ ಗ್ರಾಹಕವನ್ನು. ಪದೇ ಪದೇ ಬರುವ ಒತ್ತಡವನ್ನು ಸರಿಯಾಗಿ ತಾಳಿಕೊಳ್ಳದ ಫಿಷರ್ 344 ತಳಿಯ ಇಲಿಗಳ ಹೈಪೊಥಲಾಮಸ್‌ನಲ್ಲಿ ಮಿಆರ್-18ಎ ಹೆಚ್ಚಾಗಿಯೂ ಈ ಗ್ರಾಹಕ ಕಡಿಮೆಯಾಗಿಯೂ ಇರುತ್ತವೆ. ಅಲ್ಲಿ ಕಾರ್ಟಿಸೋಲ್‌ಗೆ ಸಮನಾದ ಹಾರ್ಮೋನ್ ಇದ್ದರೂ ಅದರ ಸೂಚನೆಯನ್ನು ಕೇಳಿಸಿಕೊಳ್ಳುವವರು ಸಾಲದೆ ಹೋಗುತ್ತಾರೆ. ಆದ್ದರಿಂದ ಒಂದು ಮೈಕ್ರೋಆರ್‌ಎನ್‌ಎ ಯಾವ ಕೋಶದಲ್ಲಿ, ಯಾವ ಸಂದೇಶವನ್ನು ತಗ್ಗಿಸುತ್ತಿದೆ ಎಂಬುದನ್ನು ಹೇಳದೆ ಅದನ್ನು ಒಳ್ಳೆಯದು ಅಥವಾ ಕೆಟ್ಟದ್ದು ಎಂದು ವಿಂಗಡಿಸುವ ಲೇಖನಗಳನ್ನು ನಾನು ನಂಬುವುದಿಲ್ಲ.

ಮನುಷ್ಯರ ವಿಷಯಕ್ಕೆ ಬಂದರೆ ಎಚ್ಚರ ಇನ್ನೂ ಹೆಚ್ಚು ಬೇಕು. ಮನಸ್ಥಿತಿಗೆ ಸಂಬಂಧಿಸಿದ ಸೆರೊಟೋನಿನ್ ಎಂಬ ರಾಸಾಯನಿಕವನ್ನು ಬಿಡುವ ನರಕೋಶಗಳಲ್ಲಿ ಕೆಲಸ ಮಾಡುವ ಮಿಆರ್-135 ಹೆಚ್ಚಾಗಿರುವ ಇಲಿಗಳು ಸಾಮಾಜಿಕ ಒತ್ತಡವನ್ನು ಚೆನ್ನಾಗಿ ತಾಳಿಕೊಂಡವು. ಖಿನ್ನತೆಯಿರುವವರ ರಕ್ತದಲ್ಲಿ ಅದರ ಪ್ರಮಾಣ ಕಡಿಮೆಯಿದ್ದುದೂ 2014ರಲ್ಲಿ ವರದಿಯಾಯಿತು. ರಕ್ತಪರೀಕ್ಷೆಯಿಂದಲೇ ಖಿನ್ನತೆಯನ್ನು ಪತ್ತೆಹಚ್ಚುವ ಆಸೆ ಹುಟ್ಟಿದ್ದು ಇಂಥ ಫಲಿತಾಂಶಗಳಿಂದ. ಆ ಆಸೆ ನನಗೂ ಇದೆ. ಆದರೆ ರಕ್ತದಲ್ಲಿ ಕಾಣುವ ಮೈಕ್ರೋಆರ್‌ಎನ್‌ಎಗಳು ರಕ್ತಕಣಗಳಿಂದಲೂ ದೇಹದ ಅನೇಕ ಅಂಗಗಳಿಂದಲೂ ಬಂದಿರುತ್ತವೆ; ಅಮಿಗ್ಡಾಲದೊಳಗಿನ ಬದಲಾವಣೆಯನ್ನು ಅವು ನೇರವಾಗಿ ತೋರಿಸುತ್ತವೆ ಎನ್ನಲಾಗದು. ಚಿಕಿತ್ಸೆಯ ದಾರಿ ಇನ್ನೂ ಕಠಿಣ, ಏಕೆಂದರೆ ಆರ್‌ಎನ್‌ಎಯಂಥ ದೊಡ್ಡ ಅಣು ರಕ್ತ ಮತ್ತು ಮಿದುಳಿನ ನಡುವಿನ ತಡೆಯನ್ನು ಸುಲಭವಾಗಿ ದಾಟುವುದಿಲ್ಲ, ದಾಟಿದರೂ ಒಂದೇ ಮೈಕ್ರೋಆರ್‌ಎನ್‌ಎ ನೂರಾರು ಬೇರೆ ಸಂದೇಶಗಳ ಮೇಲೆ ಪ್ರಭಾವ ಬೀರಬಲ್ಲದು.