ಬಾವೀಲಿ ನೀರಿದ್ರೆ ಹಂಡೇಲಿ ಇದ್ದಂಗಾ? ನಮ್ಮ ಯೂಟಾ ಟ್ರಿಪ್ಪು

ಅಪ್ಪ ಅಮ್ಮ ತೀರ್ಥಹಳ್ಳಿಯಿಂದ ಬಂದು ಒಂದು ತಿಂಗಳಾಗಿತ್ತು. ಅಮ್ಮಂಗೆ ಹೊರಗಿನ ಊಟ ಆಗಲ್ಲ, ಅದಕ್ಕೇ ಅಕ್ಟೋಬರ್ ಮೊದಲ ವಾರ ಲಾಸ್ ವೇಗಸ್‌ನಲ್ಲಿ ಒಳಗೇ ಅಡುಗೆಮನೆ, ಬಚ್ಚಲು ಎಲ್ಲಾ ಇರೋ ಒಂದು ಟ್ರಾವೆಲ್ ಟ್ರೇಲರ್ ಬಾಡಿಗೆಗೆ ತಗೊಂಡು, ಪಿಕಪ್ ಹಿಂದೆ ಸಿಕ್ಕಿಸ್ಕೊಂಡು ಯೂಟಾ ಕಡೆ ಹೊರಟ್ವಿ. ಗಾಡಿ ಕೊಟ್ಟೋನು ಅರ್ಧ ಗಂಟೆ ಎಲ್ಲಾ ವಿವರಿಸಿದ, ನಾನು ಫೋನಲ್ಲಿ ವಿಡಿಯೋ ಮಾಡ್ತಾ ನಿಂತಿದ್ದೆ. ವಿಡಿಯೋ ಮಾಡೋರು ಕೇಳಿಸ್ಕೊಳಲ್ಲ ಅಂತ ಸಂಜೆ ಗೊತ್ತಾಯ್ತು.

ಜಯಾನ್ ನ್ಯಾಷನಲ್ ಪಾರ್ಕ್‌ನ ವಾಚ್‌ಮನ್ ಕ್ಯಾಂಪ್‌ಗ್ರೌಂಡಲ್ಲಿ ಗಾಡಿ ನಿಲ್ಸೋ ಜಾಗದಲ್ಲಿ ಕರೆಂಟ್ ಇದೆ, ನೀರಿನ ಕನೆಕ್ಷನ್ ಇಲ್ಲ, ಬೇರೆ ಕಡೆ ಟ್ಯಾಂಕ್ ತುಂಬಿಸ್ಕೊಂಡು ಬರ್ಬೇಕು. ತುಂಬಿಸ್ಕೊಂಡು ಬಂದೆ, ಕೇಬಲ್ ಸಿಕ್ಕಿಸಿದೆ, ವಾಟರ್ ಹೀಟರಿನ ಎಲೆಕ್ಟ್ರಿಕ್ ಸ್ವಿಚ್ ಹಾಕಿದೆ. ಎದುರಿಗೆ ಕೆಂಪು ಬಂಡೆ ಮೇಲೆ ಸಂಜೆ ಬಿಸಿಲು ಬಿದ್ದಿತ್ತು, ಅದನ್ನ ನೋಡ್ತಾ ಕಾಫಿ ಕುಡೀತಾ ಕೂತ್ವಿ. ಒಂದು ಗಂಟೆ ಬಿಟ್ಟು ಪಂಪ್ ಹಾಕಿ ಬಿಸಿನೀರಿನ ನಲ್ಲಿ ತಿರುಗಿಸಿದ್ರೆ ಪುಸ್ ಪುಸ್ ಅಂತ ಬರೀ ಗಾಳಿ, ಆಮೇಲೆ ಉಗುಳಿ ಉಗುಳಿ ತಣ್ಣೀರು.

ಅಪ್ಪ ಕೇಳಿದ್ರು, "ಒಲೆ ಹಚ್ಚೋಕೆ ಮುಂಚೆ ಹಂಡೆಗೆ ನೀರು ಬಂತಾ ನೋಡಿದ್ಯೇನೋ?" ಟ್ಯಾಂಕ್ ಫುಲ್ ಇದೆ ಅಪ್ಪಾ ಅಂದೆ. "ಬಾವೀಲಿ ನೀರಿದ್ರೆ ಹಂಡೇಲಿ ಇದ್ದಂಗೇನೋ?"

ಅಷ್ಟೇ ವಿಷ್ಯ. ಗಾಡಿಯ ದೊಡ್ಡ ಟ್ಯಾಂಕು ಬೇರೆ, ಹೀಟರ್ ಒಳಗಿನ 6 ಗ್ಯಾಲನ್ನಿನ ಅಂದ್ರೆ ಸುಮಾರು 23 ಲೀಟರಿನ ಪುಟ್ಟ ಹಂಡೆ ಬೇರೆ. ಪಂಪ್ ಹಾಕಿ, ಬಿಸಿನೀರಿನ ನಲ್ಲಿ ತೆರೆದಿಟ್ಟು, ಗಾಳಿ ಎಲ್ಲಾ ಹೋಗಿ ಧಾರೆ ಒಂದೇ ಸಮ ಬರೋವರೆಗೂ ಆ ಹಂಡೆ ತುಂಬಿರಲ್ಲ. ನೀರಿಲ್ದೆ, ಕರೆಂಟಲ್ಲಿ ಕಾಯಿಸೋ 1440 ವ್ಯಾಟಿನ ಎಲಿಮೆಂಟು ಒಂದೆರಡು ನಿಮಿಷದಲ್ಲೇ ಸುಟ್ಟು ಹೋಗತ್ತೆ, ನಂದೂ ಹೋಯ್ತು. ಹಿಂಭಾಗದಲ್ಲಿ ಬೈಪಾಸ್ ವಾಲ್ವ್ ಅಂತಾನೂ ಒಂದಿರತ್ತೆ, ಚಳಿಗಾಲಕ್ಕೆ ಗಾಡಿ ಮುಚ್ಚಿಡುವಾಗ ಅದನ್ನ ತಿರುಗಿಸಿರ್ತಾರೆ, ಹಾಗೇ ಬಿಟ್ಟಿದ್ರೆ ನಲ್ಲೀಲಿ ನೀರು ಬಂದ್ರೂ ಹಂಡೆ ಖಾಲೀನೇ. ನಮ್ಮದು ಸರಿ ಇತ್ತು, ಸರಿ ಇಲ್ದಿದ್ದಿದ್ದು ನಾನು.

ಪುಣ್ಯಕ್ಕೆ ಅದೇ ಹಂಡೆ ಗ್ಯಾಸಲ್ಲೂ ಕಾಯತ್ತೆ. ಹೊರಗಡೆ ಹೀಟರ್ ಬಾಗಿಲು ತೆಗೆದು ಬರ್ನರ್ ಪೈಪಲ್ಲಿ ಕಣಜ ಗೂಡು ಕಟ್ಟಿದ್ಯಾ ನೋಡ್ಕೊಂಡು, ಮುಚ್ಚಿ, ಸ್ವಿಚ್ ಹಾಕಿದೆ. ಟಿಕ್ ಟಿಕ್ ಟಿಕ್, ಭುಸ್! ಅರ್ಧ ಗಂಟೇಲಿ ಕೈ ಇಡಕ್ಕಾಗ್ದಷ್ಟು ಬಿಸಿ, ತಣ್ಣೀರು ಬೆರೆಸ್ದೆ ಮೈಗೆ ಹಾಕ್ಕೊಂಡ್ರೆ ಬೊಬ್ಬೆ ಗ್ಯಾರಂಟಿ. ಅಮ್ಮ ಶವರ್ ಮುಟ್ಲಿಲ್ಲ, ಬಕೆಟ್ಟು ಚೊಂಬಲ್ಲೇ ಸ್ನಾನ. 23 ಲೀಟರಿನ ಲೆಕ್ಕಕ್ಕೆ ಅದೇ ಸರಿ, ಶವರ್ ಅಡಿ ನಿಂತು ಎಲ್ಲಾ ಖಾಲಿ ಮಾಡಿದ್ದು ನಾನೇ.

ಮಾರನೇ ದಿನ ಇನ್ನೊಂದು ನ್ಯಾಷನಲ್ ಪಾರ್ಕ್, ಬ್ರೈಸ್ ಕ್ಯಾನ್ಯನ್‌ಗೆ. ಹೊರಡೋ ಮುಂಚೆ ಹೀಟರ್ ಆಫ್, ಸಿಲಿಂಡರ್ ಬಂದ್, ಪೆಟ್ರೋಲ್ ಬಂಕಲ್ಲಂತೂ ಇದು ಮರೀಲೇಬಾರ್ದು. ದಾರೀಲಿ 1930ರಲ್ಲಿ ಮುಗಿದ 1.1 ಮೈಲಿ ಸುರಂಗ ಇದೆ, ನಮ್ಮಂಥ ಅಗಲದ ಗಾಡಿಗೆ ಅಂತ ಪಾರ್ಕ್‌ನ ರೇಂಜರ್‌ಗಳು ಎದುರು ಬರೋ ಗಾಡಿಗಳನ್ನ ನಿಲ್ಸಿದ್ರು (ಇದು 2026ರ ಜೂನ್‌ಗೆ ಮುಂಚಿನ ಮಾತು), ಅಪ್ಪ ಮಂತ್ರಿಗಳ ತರ ಕೈ ಬೀಸಿದ್ರು.

ಬ್ರೈಸ್‌ನ ನಾರ್ತ್ ಕ್ಯಾಂಪ್‌ಗ್ರೌಂಡ್ ಸುಮಾರು 8000 ಅಡಿ ಎತ್ತರ, ಕರೆಂಟಿಲ್ಲ, ರಾತ್ರಿ ಹಲ್ಲು ಕಟಕಟ. ಹೀಟರ್ ಹೊತ್ಕೊಳ್ದೆ ಕೆಂಪು ಲೈಟ್ ಬಂತು. ಸಿಲಿಂಡರ್ ಬಂದ್ ಮಾಡಿದ್ರಿಂದ ಗ್ಯಾಸ್ ಪೈಪಲ್ಲಿ ಗಾಳಿ ಸೇರಿರತ್ತೆ, ಅದಕ್ಕೆ ಮೊದ್ಲು ಅಡುಗೆ ಒಲೆ ಹಚ್ಚಿ ಉರಿ ನೆಟ್ಟಗಾದ್ಮೇಲೆ ಹೀಟರ್ ಸ್ವಿಚ್ ಆಫ್ ಮಾಡಿ, ಸ್ವಲ್ಪ ಕಾದು, ಮತ್ತೆ ಹಾಕಿದೆ, ಹೊತ್ಕೊಂಡ್ತು. ಗ್ಯಾಸ್ ವಾಸನೆ ಬಂದಿದ್ರೆ ಮಾತ್ರ ಈ ಪ್ರಯೋಗ ಬೇಡ, ಯಾವ ಸ್ವಿಚ್ಚೂ ಮುಟ್ದೆ ಎಲ್ರೂ ಹೊರಗೆ ಬಂದು ಸಿಲಿಂಡರ್ ಬಂದ್ ಮಾಡ್ಬೇಕು. ಸಿಲಿಂಡರಲ್ಲಿರೋ ಪ್ರೊಪೇನ್ ಗಾಳಿಗಿಂತ ಭಾರ, ನೆಲದ ಹತ್ರಾನೇ ನಿಲ್ಲತ್ತೆ, ಗ್ಯಾಸ್ ಅಲಾರಂ ಕಾಲ ಬುಡದಲ್ಲಿ ಇರೋದು ಅದಕ್ಕೇ.

ಬೆಳಿಗ್ಗೆ ಹೀಟರಿನ ಹಿತ್ತಾಳೆ ವಾಲ್ವಿಂದ ತೊಟ್ಟು ತೊಟ್ಟು ನೀರು. ಅಪ್ಪ ಬಟ್ಟೆ ತುರುಕಕ್ಕೆ ಹೊರಟಿದ್ರು, ತಡೆದೆ. ನೀರು ಕಾದು ಹಿಗ್ಗಿದ್ರೆ ಒತ್ತಡ ಹೊರಗೆ ಹೋಗೋ ಬಾಗಿಲು ಅದೊಂದೇ, ಅದನ್ನ ಮುಚ್ಚಿದ್ರೆ ಹಂಡೇನೇ ಸಿಡೀಬಹುದು. ಹೀಟರ್ ಆಫ್ ಮಾಡಿ ಪೂರ್ತಿ ಆರೋಕ್ಕೆ ಬಿಟ್ಟು, ಪಂಪ್ ನಿಲ್ಸಿ, ಒಳಗೆ ಬಿಸಿನೀರಿನ ನಲ್ಲಿ ತೆರೆದು, ವಾಲ್ವಿನ ಹಿಡಿ ಎತ್ತಿ ನೀರು ನಿಲ್ಲೋವರೆಗೂ ಬಿಟ್ಟೆ. ಮೇಲ್ಗಡೆ ಸ್ವಲ್ಪ ಗಾಳಿ ಕೂತ್ಕೊಂಡ್ರೆ ನೀರಿಗೆ ಹಿಗ್ಗಕ್ಕೆ ಜಾಗ ಸಿಗತ್ತೆ. ತೊಟ್ಟು ನಿಂತ್ತು.

ವಾಪಸ್ ಕೊಡುವಾಗ ಎಲಿಮೆಂಟಿನ ದುಡ್ಡು ಡೆಪಾಸಿಟ್ಟಲ್ಲಿ ಕಟ್ಟಾಯ್ತು, ತಪ್ಪು ನಂದೇ, ಮಾತಾಡ್ಲಿಲ್ಲ. ಗಾಡಿ ಕೊಟ್ಟೋನು ತಣ್ಣಗಾಗಿದ್ದ ಹೀಟರಿನ ಒತ್ತಡ ಬಿಟ್ಟು, ನೀರು ಖಾಲಿ ಮಾಡೋ ಪ್ಲಗ್ ಬಿಚ್ಚಿದ. ಅದರ ಜೊತೆ ಉದ್ದದ ಮೆಗ್ನೀಷಿಯಂ ಕಡ್ಡಿ ಬಂತು, ಹಂಡೆಯ ಉಕ್ಕು ತುಕ್ಕು ಹಿಡೀದಿರ್ಲಿ ಅಂತ ಅದರ ಬದಲು ತಾನು ಸವೆಯೋದು. ಅಪ್ಪ ಅದನ್ನ ಕೈಗೆ ತಗೊಂಡು ತಿರುಗಿಸಿ ತಿರುಗಿಸಿ ನೋಡಿ, "ಹಲ್ಲುಜ್ಜಿದ ಬೇವಿನ ಕಡ್ಡಿ ಆದಂಗಾಗಿದೆ, ಇದನ್ನೂ ಬದ್ಲಾಯ್ಸಕ್ಕೆ ಹೇಳೋ ಅವನಿಗೆ" ಅಂದ್ರು.